ಗುನ್ಸಾನ್ ಊರಿನವರಿಗೆ: ನೀವು ತೋರಿಸದೆ ಬಿಟ್ಟ ಅಕ್ಕಿಯ ಬಗ್ಗೆ

ದಕ್ಷಿಣ ಕೊರಿಯಾದ ಗುನ್ಸಾನ್ ನಗರದ ಹಿರಿಯರಿಗೆ, ಅಂಗಡಿಯವರಿಗೆ, ಮೇಷ್ಟ್ರುಗಳಿಗೆ, ಬಂದ ಪ್ರವಾಸಿಗರಿಗೆ ಊರು ತೋರಿಸುವ ಕೆಲಸ ಮಾಡುತ್ತಿರುವ ಎಲ್ಲರಿಗೂ ನಮಸ್ಕಾರ.

ನವೆಂಬರ್ ಕೊನೆಯ ಒಂದು ಶನಿವಾರ ನಾನು ಮತ್ತು ನಮ್ಮವ್ವ ನಿಮ್ಮ ಊರಿಗೆ ಬಂದಿದ್ದೆವು. ಒಂದು ರಾತ್ರಿ ಉಳಿದು ಭಾನುವಾರ ಸಂಜೆ ಬಸ್ಸು ಹತ್ತಿದೆವು. ಬಸ್ಸು ಊರು ದಾಟುತ್ತಿದ್ದಾಗ ಅವ್ವ ಕೇಳಿದಳು: “ಇಷ್ಟೇ ಏನವಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಎರಡು ದಿನ ನನಗೂ ಸಪ್ಪೆ ಅನ್ನಿಸಿತ್ತು. ಆದರೆ ಮನೆಗೆ ಬಂದ ಮೇಲೆ ನಿಮ್ಮ ಊರಿನ ಬಗ್ಗೆ ಓದುತ್ತಾ ಹೋದಂತೆ, ನೋಡಬೇಕಾಗಿದ್ದನ್ನು ನೋಡದೆಯೇ ಬಂದೆವಲ್ಲ ಎಂಬ ಸಂಕಟ ಶುರುವಾಯಿತು. ಅದಕ್ಕೇ ಈ ಪತ್ರ. ನನ್ನ ಕೊರಿಯನ್ ಭಾಷೆ ಆಫೀಸಿನ ಮೀಟಿಂಗಿಗೆ, ತರಕಾರಿ ಅಂಗಡಿಗೆ ಸಾಕಾಗುತ್ತದೆ, ಇಂಥ ಮಾತಿಗೆ ಸಾಕಾಗುವುದಿಲ್ಲ. ಹಾಗಾಗಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಭಾಷೆಗೆ ತರಲು ಜೊತೆಗೆ ಕೆಲಸ ಮಾಡುವ ಗೆಳತಿಯೊಬ್ಬಳು ಒಪ್ಪಿದ್ದಾಳೆ. ಸುವೊನ್, ದೇಜೊನ್ ಕಡೆ ಇರುವ ನಮ್ಮ ಕನ್ನಡದವರೂ ಓದಲಿ. ರಜೆ ಬಂದರೆ ಬುಸಾನ್, ಜೆಜು ಎಂದು ಓಡುವವರು ನಾವೆಲ್ಲ. ಪಶ್ಚಿಮ ಕರಾವಳಿಯ ಈ ಊರು ನಮ್ಮ ಪಟ್ಟಿಯಲ್ಲಿ ಇರುವುದೇ ಇಲ್ಲ.

ನಾವು ಯಾರು ಎಂದು ಮೊದಲು ಹೇಳಬೇಕು. ನಮ್ಮದು ಗಂಗಾವತಿ ಹತ್ತಿರದ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯುವ ಹೊಲಗಳು, ಕಣ್ಣು ಹಾಯುವವರೆಗೂ ನೆಲ್ಲು, ರಸ್ತೆಗುಂಟ ಅಕ್ಕಿ ಗಿರಣಿಗಳು. ನಮ್ಮಪ್ಪ ಸ್ವಂತ ಹೊಲದ ಜೊತೆಗೆ ಲಾವಣಿ ಹಿಡಿದೂ ಮಾಡುತ್ತಿದ್ದ. ಎಕರೆಗೆ ಇಷ್ಟು ಚೀಲ ಎಂದು ಹೊಲದ ಸಾಹುಕಾರನಿಗೆ ಮೊದಲೇ ಮಾತಾಗಿರುತ್ತಿತ್ತು. ಬೆಳೆ ಬಂದರೂ ಅಷ್ಟು, ಬಾರದಿದ್ದರೂ ಅಷ್ಟು. ನಾಟಿ ಹಚ್ಚುವ ದಿನಗಳಲ್ಲಿ ಅವ್ವನ ಕಾಲ್ಬೆರಳ ಸಂದಿ ಕೆಸರಿನಲ್ಲಿ ಕೊಳೆತು ಬಿರುಕು ಬಿಡುತ್ತಿದ್ದದ್ದು ನನಗೆ ನೆನಪಿದೆ. ಮೂರು ತಿಂಗಳ ವೀಸಾದ ಮೇಲೆ ಮಗಳ ಮನೆಗೆ ಬಂದ ಆಕೆಗೆ ಸಿಯೋಲ್‌ನ ಅರಮನೆಗಳಿಗಿಂತ ನಿಮ್ಮ ದೇಶದ ನೆಲ್ಲಿನ ಹೊಲ ನೋಡುವ ಆಸೆ ಇತ್ತು. ನಿಮ್ಮ ದೇಶದ ಅಕ್ಕಿಯ ಕಣಜ ಎಲ್ಲಿ ಎಂದು ಆಫೀಸಿನಲ್ಲಿ ಕೇಳಿದಾಗ ಎಲ್ಲರೂ ಹೇಳಿದ್ದು ಹೊನಾಮ್ ಬಯಲು. ಆ ಬಯಲಿನ ಬಂದರು ಗುನ್ಸಾನ್. ಹಾಗೆ ಬಂದೆವು.

ಸಿಯೋಲ್‌ನಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸುಮಾರು ಎರಡೂವರೆ ತಾಸು. ಗುಮ್ ನದಿಯ ಆಸುಪಾಸಿಗೆ ಬಂದಾಗ ಕೊಯ್ಲಾದ ಗದ್ದೆಗಳಲ್ಲಿ ದೊಡ್ಡ ದೊಡ್ಡ ಬಿಳಿ ಉಂಡೆಗಳು ಬಿದ್ದಿದ್ದವು. “ಅವೇನು, ಹತ್ತಿ ಅಂಡಿಗಿಯೇನು?” ಎಂದಳು ಅವ್ವ. ಹುಲ್ಲನ್ನು ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ದನದ ಮೇವಿಗೆ ಹುಳಿ ಬರಲು ಇಟ್ಟಿರುವುದು ಎಂದು ಹೇಳಿದೆ. ಇಡೀ ಪ್ರಯಾಣದಲ್ಲಿ ಆಕೆ ಕಿಟಕಿಯಿಂದ ಮುಖ ತೆಗೆಯಲಿಲ್ಲ. ನಮ್ಮಲ್ಲಿ ಬಣವೆ ಒಟ್ಟುತ್ತೇವೆ, ಇವರು ಉಂಡೆ ಕಟ್ಟುತ್ತಾರೆ, ಮಳೆಗೆ ನೆನೆಯುವುದಿಲ್ಲ, ಒಳ್ಳೇದು ಎಂದು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿದ್ದಳು.

ಊರಿಗೆ ಬಂದ ಮೇಲೆ ಆ ಕುತೂಹಲ ಒಂದೊಂದಾಗಿ ಇಳಿಯುತ್ತಾ ಹೋಯಿತು.

ನಾವು ಹೋಗಿದ್ದು ಎಲ್ಲರೂ ಹೋಗುವ ದಾರಿಯಲ್ಲೇ. 1908ರ ಕೆಂಪು ಇಟ್ಟಿಗೆಯ ಹಳೆಯ ಕಸ್ಟಮ್ಸ್ ಕಟ್ಟಡ. ಅದರ ಪಕ್ಕದ ಸಾಲಿನಲ್ಲಿ, ನಿಮ್ಮ ದೇಶ ಜಪಾನಿನ ಹಿಡಿತದಲ್ಲಿದ್ದ ಕಾಲದ ಜಪಾನಿ ಬ್ಯಾಂಕುಗಳ ಹಳೆಯ ಶಾಖೆಗಳು, ಈಗ ಪ್ರದರ್ಶನಾಲಯಗಳು. ಜಪಾನಿ ವ್ಯಾಪಾರಿಯೊಬ್ಬ ಕಟ್ಟಿಸಿದ ಮರದ ಎರಡಂತಸ್ತಿನ ಮನೆ, ಅಂಗಳದಲ್ಲಿ ಕಲ್ಲುದೀಪ. ಸಿನಿಮಾವೊಂದರ ಶೂಟಿಂಗ್ ನಡೆದ ಫೋಟೋ ಸ್ಟುಡಿಯೋದ ಮುಂದೆ ಜೋಡಿಗಳ ಸಾಲು. ಹೆಸರಾಂತ ಬೇಕರಿಯ ಮುಂದೆ ಕೆಂಪು ಅವರೆಯ ಹೂರಣದ ಬನ್ನಿಗೆ ಇನ್ನೊಂದು ಸಾಲು. ಗ್ಯೊಂಗಮ್‌ದೊಂಗ್‌ನ ರೈಲು ಹಳಿಯ ಓಣಿಗೆ ಹೋದೆವು. 1944ರಲ್ಲಿ ಕಾಗದದ ಕಾರ್ಖಾನೆಗೆ ಸರಕು ಸಾಗಿಸಲು ಹಾಕಿದ ಹಳಿ ಅದು. ಮನೆಗಳ ಬಾಗಿಲಿಗೆ ಅಂಟಿಕೊಂಡಂತೆ 2008ರವರೆಗೂ ರೈಲು ಓಡಿತ್ತಂತೆ. ಈಗ ಅಲ್ಲಿ ಹಳೆಯ ಕಾಲದ ಶಾಲಾ ಸಮವಸ್ತ್ರ ಬಾಡಿಗೆಗೆ ಸಿಗುತ್ತದೆ. ಹಾಕಿಕೊಂಡು ಹಳಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಬಹುದು. ಹುಡುಗ ಹುಡುಗಿಯರು ಖುಷಿಯಾಗಿದ್ದರು. ಅವರ ಖುಷಿಗೆ ನನ್ನ ತಕರಾರಿಲ್ಲ. ಆದರೆ ಅವ್ವ ಹಳಿಯ ಪಕ್ಕದ ಒಂದು ಕಟ್ಟೆಯ ಮೇಲೆ ಕೂತು, ಚಳಿಗೆ ಸೆರಗು ಬಿಗಿ ಹೊದ್ದುಕೊಂಡು, “ಇಲ್ಲಿ ಇದ್ದವರೆಲ್ಲ ಎಲ್ಲಿ ಹೋದ್ರು?” ಎಂದು ಕೇಳಿದಾಗ ಹೇಳುವುದು ನನಗೆ ಗೊತ್ತಿರಲಿಲ್ಲ.

ಊಟದ ಕಷ್ಟವನ್ನು ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಊರಿನ ಹೆಮ್ಮೆ ಕಡಲ ಊಟ. ಖಾರದ ಚಾಂಪೊಂಗ್ ನೂಡಲ್ಸ್, ಸೋಯಾದಲ್ಲಿ ನೆನೆಸಿದ ಏಡಿ. ನಮ್ಮವ್ವ ಮಾಂಸ ಮೀನು ಮುಟ್ಟುವವಳಲ್ಲ. ನಾಲ್ಕು ಕಡೆ ಕೇಳಿ, ಕೊನೆಗೆ ಒಂದು ಪುಟ್ಟ ಹೋಟೆಲಿನವರು ಬಿಳಿ ಅನ್ನ, ಸುಟ್ಟ ಪಾಚಿಯ ಹಾಳೆ, ಮೊಳಕೆ ಕಾಳಿನ ಪಲ್ಯ ಇಟ್ಟರು. ಕಿಮ್ಚಿಯಲ್ಲಿ ಉಪ್ಪು ಹಾಕಿದ ಸೀಗಡಿ ಇರುತ್ತದೆಂದು ಆ ಹೆಂಗಸು ತಾವಾಗಿಯೇ ಹೇಳಿ ತಟ್ಟೆ ಹಿಂದೆ ತೆಗೆದುಕೊಂಡರು. ಆ ಪ್ರಾಮಾಣಿಕತೆಗೆ ಅವ್ವ ಕೈ ಮುಗಿದಳು. ಊರಿಂದ ತಂದ ಶೇಂಗಾ ಚಟ್ನಿಪುಡಿ ಬಿಚ್ಚಿ, ಅನ್ನ ಕಲಸಿ ಉಂಡಳು.

ಶನಿವಾರ ಸಂಜೆ ಹಳೆಯ ಬಂದರಿನ ಕಡೆ ನಡೆದೆವು. ಕಸ್ಟಮ್ಸ್ ಕಟ್ಟಡದಿಂದ ಹೆಚ್ಚು ದೂರವೇನಿಲ್ಲ. ಇಳಿತದ ಹೊತ್ತು, ನೀರು ಹಿಂದೆ ಸರಿದು ಬೂದು ಬಣ್ಣದ ರಾಡಿ ಕಾಣುತ್ತಿತ್ತು, ದೋಣಿಗಳು ರಾಡಿಯ ಮೇಲೆ ವಾಲಿಕೊಂಡಿದ್ದವು. ದಂಡೆಯಿಂದ ಕೆಳಕ್ಕೆ ಇಳಿಜಾರಾಗಿ ಹೋದ ಉದ್ದನೆಯ ಸೇತುವೆ, ಅದರ ತುದಿಯಲ್ಲಿ ತೇಲುವ ಕಟ್ಟೆ. ಅಲ್ಲಿ ನಮ್ಮಿಬ್ಬರ ಹೊರತು ಬೇರೆ ಯಾರೂ ಇರಲಿಲ್ಲ. ಫೋನಿನ ಕ್ಯಾಮೆರಾದಲ್ಲಿ ಫಲಕ ಹಿಡಿದು ಅನುವಾದ ಓದಿದೆ. ನಿಮ್ಮ ಕಡಲಿನಲ್ಲಿ ಉಬ್ಬರ ಇಳಿತದ ಅಂತರ ಆರು ಮೀಟರಿಗೂ ಹೆಚ್ಚು. ಇಳಿತದಲ್ಲಿ ದೊಡ್ಡ ಹಡಗು ದಂಡೆಗೆ ಬರಲಾಗದು. ಅದಕ್ಕೇ ನೀರಿನ ಜೊತೆ ಏರುವ, ನೀರಿನ ಜೊತೆ ಇಳಿಯುವ ಕಟ್ಟೆಯನ್ನು ಜಪಾನಿನವರು 1920 ಮತ್ತು 30ರ ದಶಕಗಳಲ್ಲಿ ಕಟ್ಟಿದರು. ಯಾವ ಹೊತ್ತಿಗೆ ಹಡಗು ಬಂದರೂ ಅಕ್ಕಿ ಏರಿಸಲು ತೊಡಕಾಗಬಾರದು ಎಂದು.

ಕಡಲು ಇಳಿದರೂ ಅಕ್ಕಿ ಹೋಗುವುದು ನಿಲ್ಲಬಾರದೆಂದು ಇಷ್ಟು ದೊಡ್ಡ ಏರ್ಪಾಟು! ನಾನು ಓದಿ ಹೇಳಿದ್ದನ್ನು ಅವ್ವ ಬಾಯಿ ಬಿಟ್ಟು ಕೇಳಿದಳು. ಆಮೇಲೆ ಇಳಿಜಾರನ್ನೇ ನೋಡುತ್ತಾ, “ಅಲ್ಲಾ, ಇಲ್ಲಿ ಚೀಲ ಹೊತ್ತವರ ಮನಿ ಎಲ್ಲೈತಿ? ನೆಲ್ಲು ಬೆಳದವರ ಮನಿ ಎಲ್ಲೈತಿ?” ಎಂದಳು.

ಗುನ್ಸಾನ್ ಊರಿನವರೇ, ನಾನು ಈ ಪತ್ರ ಬರೆಯುತ್ತಿರುವುದು ಈ ಒಂದು ಪ್ರಶ್ನೆಯನ್ನು ನಿಮಗೆ ಮುಟ್ಟಿಸಲು. ಬೆಳಿಗ್ಗೆಯಿಂದ ನಾವು ನೋಡಿದ್ದೆಲ್ಲ ಸುಂಕ ವಸೂಲಿ ಮಾಡಿದವರ ಕಟ್ಟಡ, ಸಾಲ ಕೊಟ್ಟವರ ಕಟ್ಟಡ, ಲಾಭ ಎಣಿಸಿದವರ ಮನೆ. ಅಕ್ಕಿ ಬೆಳೆದ ಒಬ್ಬರ ಅಂಗಳಕ್ಕೂ ಆ ದಾರಿ ನಮ್ಮನ್ನು ಕರೆದೊಯ್ಯಲಿಲ್ಲ.

ಮನೆಗೆ ಬಂದು ಎರಡು ವಾರ ಓದಿದೆ. ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತಿದ್ದೇನೆ ಎಂದು ಬೇಸರಿಸಬೇಡಿ. ನಮ್ಮ ಕನ್ನಡದವರಿಗೆ ಗೊತ್ತಿಲ್ಲ. ನಿಮ್ಮ ಬಂದರು ಹೊರದೇಶದ ವ್ಯಾಪಾರಕ್ಕೆ ತೆರೆದದ್ದು 1899ರ ಮೇ 1ರಂದು. 1908ರಲ್ಲಿ ಜೊಂಜು ಊರಿನಿಂದ ಇಲ್ಲಿಗೆ ಹೊಸ ರಸ್ತೆ, 1912ರಲ್ಲಿ ರೈಲು. ಬಯಲಿನ ಅಕ್ಕಿ ನೇರವಾಗಿ ಹಡಗಿಗೆ ಬರುವಂತೆ ಎಲ್ಲ ದಾರಿಗಳನ್ನೂ ಬಂದರಿಗೆ ತಿರುಗಿಸಿದರು. 1918ರಲ್ಲಿ ಜಪಾನಿನಲ್ಲಿ ಅಕ್ಕಿಯ ಬೆಲೆ ಏರಿ ಜನ ದಂಗೆ ಎದ್ದರು. ತಮ್ಮ ಜನರ ಹೊಟ್ಟೆ ತಣಿಸಲು 1920ರಿಂದ ಕೊರಿಯಾದಲ್ಲಿ ಅಕ್ಕಿಯ ಇಳುವರಿ ಹೆಚ್ಚಿಸುವ ಯೋಜನೆ ಹಾಕಿಕೊಂಡರು. ಕಾಲುವೆ ಬಂತು, ಗೊಬ್ಬರ ಬಂತು, ಬೆಳೆಯೂ ಹೆಚ್ಚಿತು. ಹೆಚ್ಚಿದ್ದಕ್ಕಿಂತ ಜಾಸ್ತಿ ಹಡಗು ಹತ್ತಿತು. ಬೆಳೆದವರ ಮನೆಯ ಅನ್ನ ಕಡಿಮೆಯಾಗುತ್ತಾ ಹೋಯಿತು. ಆ ಕೊರತೆ ತುಂಬಲು ಮಂಚೂರಿಯಾದಿಂದ ನವಣೆ ತರಿಸಿದರು.

ಇದನ್ನು ಓದಿ ಹೇಳಿದ ರಾತ್ರಿ ಅವ್ವ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಕೈ ನಿಲ್ಲಿಸಿದಳು. “ನೆಲ್ಲು ಬೆಳದು ನವಣಿ ಉಂಡ್ರೇನು?”

ಆ ಮಾತಿನ ಹಿಂದೆ ಏನಿದೆ ಎಂದು ನಿಮಗೆ ತಿಳಿಯಬೇಕು. ತುಂಗಭದ್ರಾ ಅಣೆಕಟ್ಟಿನ ನೀರು ಬರುವುದಕ್ಕೆ ಮೊದಲು ನಮ್ಮ ಸೀಮೆ ಒಣ ಸೀಮೆ. ಜೋಳದ ರೊಟ್ಟಿ, ನವಣೆ ಅನ್ನ, ಅಕ್ಕಿಯ ಅನ್ನ ಹಬ್ಬಕ್ಕೆ. ನಮ್ಮಜ್ಜಿ ಅಕ್ಕಿಯನ್ನು ಅರಿವೆಯಲ್ಲಿ ಗಂಟು ಕಟ್ಟಿ ನೆಲುವಿನ ಮೇಲೆ ಇಡುತ್ತಿದ್ದಳು ಎಂದು ಅವ್ವ ಹೇಳುತ್ತಾಳೆ. ಆದರೆ ಅದು ಅಕ್ಕಿ ಬೆಳೆಯದ ಕಾಲ. ಸೊಂಟ ಬಗ್ಗಿಸಿ ನಾಟಿ ಮಾಡಿ, ಕಳೆ ಕಿತ್ತು, ಕೊಯ್ದು, ಬಡಿದು, ಕಣದಲ್ಲಿ ರಾಶಿ ಹಾಕಿ, ಆ ರಾಶಿ ಗಾಡಿ ಏರಿ ಹೋಗುವುದನ್ನು ನೋಡಿ, ಮನೆಗೆ ಬಂದು ನವಣೆ ಬೇಯಿಸಿಕೊಳ್ಳುವುದು ಬೇರೆ. ನವಣೆ ಕೆಟ್ಟ ಕಾಳಲ್ಲ. ತಾನು ಬೆಳೆದದ್ದನ್ನು ಉಣ್ಣುವ ಹಕ್ಕು ಇಲ್ಲದಾಗುವುದು ಕೆಟ್ಟದ್ದು.

ನಿಮ್ಮ ರೈತರು ಸುಮ್ಮನಿರಲಿಲ್ಲ ಎಂಬುದೂ ಓದಿಯೇ ತಿಳಿಯಿತು. ಇಂದು ನಿಮ್ಮ ನಗರದ ಎಲ್ಲೆಯೊಳಗಿರುವ ಒಕ್ಗು ಸೀಮೆಯ ಸೊಸು ಎಂಬಲ್ಲಿ, 1927ರ ನವೆಂಬರಿನಲ್ಲಿ, ಜಪಾನಿ ಜಮೀನ್ದಾರಿ ಕಂಪನಿಯೊಂದು ಬೆಳೆಯ ನೂರಕ್ಕೆ 75 ಪಾಲು ಗೇಣಿ ಕೇಳಿತು. ನೂರು ಚೀಲ ಬೆಳೆದರೆ ಬೆಳೆದವನಿಗೆ ಉಳಿಯುವುದು 25. ಗೇಣಿದಾರರು ಒಟ್ಟಾದರು, ಪೊಲೀಸರು ಮುಂದಾಳುವನ್ನು ಹಿಡಿದರು, ರೈತರು ಠಾಣೆಗೆ ನುಗ್ಗಿ ಬಿಡಿಸಲು ನೋಡಿದರು. ಎಷ್ಟೋ ಮಂದಿ ಜೈಲು ಸೇರಿದರು. ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಕಾಗೋಡು. 1951ರಲ್ಲಿ ಅಲ್ಲಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅಳತೆಯ ವಿಷಯಕ್ಕೆ ಒಡೆಯರ ಎದುರು ನಿಂತು ಜೈಲಿಗೆ ಹೋದರು. ಒಕ್ಗುವಿನ ಕಥೆ ಕಾಗೋಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಕಾಗೋಡಿನ ಕಥೆ ಒಕ್ಗುವಿನವರಿಗೂ ಬೇಕಾಗಿಲ್ಲ. ನಿಮ್ಮ ಊರಿಗೆ ಬಂದು ಎರಡು ದಿನ ಸುತ್ತಿದ ನನಗೆ ಆ ಹೆಸರನ್ನು ಯಾರೂ ಹೇಳಲಿಲ್ಲ ಎಂಬುದೇ ನನ್ನ ನೋವು.

ಇನ್ನೂ ಇದೆ. ಬಾಲ್ಸಾನ್ ಎಂಬಲ್ಲಿ ಪ್ರಾಥಮಿಕ ಶಾಲೆಯ ಹಿಂದೆ ಮೂರಂತಸ್ತಿನ ಕಾಂಕ್ರೀಟಿನ ಒಂದು ಖಜಾನೆ ಇನ್ನೂ ನಿಂತಿದೆ. ಶಿಮಾತಾನಿ ಎಂಬ ಜಪಾನಿ ಜಮೀನ್ದಾರ ನಿಮ್ಮ ದೇಶದ ಹಳೆಯ ಕಲಾವಸ್ತುಗಳನ್ನು ಕೂಡಿಡಲು ಕಟ್ಟಿಸಿದ್ದು. ಅವನು ತನ್ನ ತೋಟಕ್ಕೆಂದು ತರಿಸಿದ ಗೊರ್ಯೊ ಎಂಬ ಹಳೆಯ ಅರಸೊತ್ತಿಗೆಯ ಕಾಲದ ಕಲ್ಲಿನ ಗೋಪುರ, ಒಂದು ಹಳೆಯ ಕಲ್ಲುದೀಪ ಇವತ್ತಿಗೂ ಆ ಶಾಲೆಯ ಹಿತ್ತಲಲ್ಲೇ ಇವೆ. ಶಾಲೆಯ ಮಕ್ಕಳು ಆಡುವ ಜಾಗದಲ್ಲಿ ಇಡೀ ಒಂದು ಕಾಲದ ಲೂಟಿ ಕಣ್ಣಿಗೆ ಕಾಣುವಂತೆ ನಿಂತಿದೆ. ನಾವು ಅಲ್ಲಿಗೆ ಹೋಗಲಿಲ್ಲ, ಏಕೆಂದರೆ ಅದು ಇದೆ ಎಂದೇ ಗೊತ್ತಿರಲಿಲ್ಲ.

ಮತ್ತೆ ವೈದ್ಯ ಯಿ ಯೊಂಗ್‌ಚುನ್. ಕುಮಾಮೊತೊ ಎಂಬ ದೊಡ್ಡ ಜಮೀನ್ದಾರನ ಎಸ್ಟೇಟಿನ ಗೇಣಿದಾರರಿಗೆ ಔಷಧಿ ಕೊಡಲು 1935ರಲ್ಲಿ ಬಂದವರು. ಸ್ವಾತಂತ್ರ್ಯ ಬಂದ ಮೇಲೂ ಹೋಗಲಿಲ್ಲ. 1948ರಲ್ಲಿ ಹಳ್ಳಿಗರ ಆರೋಗ್ಯಕ್ಕೆಂದೇ ಸಂಶೋಧನಾ ಸಂಸ್ಥೆ ಕಟ್ಟಿದರು, 1980ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ಆ ಜಮೀನ್ದಾರನ ಬಂಗಲೆ ಇವತ್ತು ಈ ವೈದ್ಯರ ಮನೆ ಎಂದು ಹೆಸರಾಗಿದೆಯಂತೆ. ಒಡೆಯನ ಮನೆಗೆ ಊಳಿಗದವರ ವೈದ್ಯನ ಹೆಸರು! ಇಂಥದ್ದು ನಿಮ್ಮ ಊರಲ್ಲಿರುವಾಗ ನಾವು ಒಂದು ತಾಸು ಬೇಕರಿಯ ಸಾಲಿನಲ್ಲಿ ನಿಂತಿದ್ದೆವು.

ಒಂದು ಜಾಗ ಮಾತ್ರ ನನ್ನನ್ನು ಅವತ್ತೇ ಹಿಡಿದು ನಿಲ್ಲಿಸಿತು. ದೊಂಗುಕ್ಸಾ. ಕೊರಿಯಾದಲ್ಲಿ ಉಳಿದಿರುವ ಏಕೈಕ ಜಪಾನಿ ಶೈಲಿಯ ಬೌದ್ಧ ದೇವಾಲಯ, ಕಡಿದಾದ ಕಪ್ಪು ಮಾಡು, ಬಣ್ಣವಿಲ್ಲದ ಮರ. 1913ರಲ್ಲಿ ಕಟ್ಟಿದ್ದು. ಅಂಗಳದಲ್ಲಿ ಒಂದು ಕಲ್ಲು. ಆಳುವವರ ಜೊತೆ ಕೈಜೋಡಿಸಿ ತಮ್ಮ ಪಂಥ ಮಾಡಿದ ತಪ್ಪಿಗೆ ಜಪಾನಿನ ಸೋತೋ ಪಂಥದ ಭಿಕ್ಷುಗಳು ಕ್ಷಮೆ ಕೇಳಿ 2012ರಲ್ಲಿ ನಿಲ್ಲಿಸಿದ್ದು. ಅದರ ಮುಂದೆ 2015ರಲ್ಲಿ ನಿಲ್ಲಿಸಿದ ಹುಡುಗಿಯ ಪ್ರತಿಮೆ, ಜಪಾನಿ ಸೈನ್ಯ ಎಳೆದೊಯ್ದ ಹೆಣ್ಣುಮಕ್ಕಳ ನೆನಪಿಗೆ. ಅವ್ವನಿಗೆ ಓದಲು ಬರುವುದಿಲ್ಲ, ಆದರೂ ಆ ಕಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸಿ, ಆಮೇಲೆ ಹುಡುಗಿಯ ಮುಂದೆ ಬಂದು ಕೈ ಮುಗಿದಳು. ಕಟ್ಟಡವನ್ನು ಕೆಡವದೆ, ಅದರೊಳಗಿನ ಸತ್ಯವನ್ನೂ ಮುಚ್ಚಿಡದೆ ನೀವು ಉಳಿಸಿಕೊಂಡಿರುವ ರೀತಿ ಅಲ್ಲಿ ಕಾಣುತ್ತದೆ. ಅದೇ ರೀತಿ ಬಂದರಿನಲ್ಲೂ ಏಕಾಗಬಾರದು?

ಭಾನುವಾರ ಬೆಳಿಗ್ಗೆ ಸೆಮಾಂಗುಮ್ ಒಡ್ಡಿನ ಮೇಲೆ ಬಸ್ಸಿನಲ್ಲಿ ಹೋದೆವು. 1991ರಲ್ಲಿ ಶುರುವಾಗಿ 2010ರಲ್ಲಿ ಮುಗಿದ, 33.9 ಕಿಲೋಮೀಟರ್ ಉದ್ದದ, ಜಗತ್ತಿನ ಅತಿ ಉದ್ದದ ಕಡಲ ಒಡ್ಡು. ಅವತ್ತು ಮಂಜು. ಎಡಕ್ಕೂ ಬೂದು, ಬಲಕ್ಕೂ ಬೂದು, ನಡುವೆ ನೇರ ರಸ್ತೆ. ಅವ್ವ ತೂಕಡಿಸಿದಳು. ಅವಳನ್ನು ಎಬ್ಬಿಸಿ ಹೇಳಬಹುದಾಗಿದ್ದ ಕಥೆ ನನಗೆ ಆಗ ಗೊತ್ತಿರಲಿಲ್ಲ. ಈ ಒಡ್ಡು ಹಾಕಲು ಹೊರಟಾಗ ಹೇಳಿದ ಕಾರಣ ಹೊಸ ಗದ್ದೆ, ಇನ್ನಷ್ಟು ಅಕ್ಕಿ. ಕಪ್ಪೆಚಿಪ್ಪು ಹೆಕ್ಕಿ ಬದುಕುತ್ತಿದ್ದ ಹೆಂಗಸರ ಉಬ್ಬರದ ಬಯಲು, ಸಾವಿರಾರು ಮೈಲಿ ಹಾರಿ ಬಂದು ಇಳಿಯುತ್ತಿದ್ದ ಹಕ್ಕಿಗಳ ಮೇವು ಒಡ್ಡಿನೊಳಗೆ ಸಿಕ್ಕಿಕೊಂಡವು. 2003ರಲ್ಲಿ ಬೇರೆ ಬೇರೆ ಧರ್ಮಗಳ ಗುರುಗಳು ಇದನ್ನು ನಿಲ್ಲಿಸಿ ಎಂದು ಕೇಳುತ್ತಾ ಈ ತೀರದಿಂದ ಸಿಯೋಲ್‌ವರೆಗೆ ಮೂರು ಹೆಜ್ಜೆಗೊಮ್ಮೆ ನೆಲಕ್ಕೆ ಹಣೆ ಹಚ್ಚುತ್ತಾ ನಡೆದರು. ಎರಡು ತಿಂಗಳಿಗೂ ಹೆಚ್ಚು ಕಾಲ.

ಇದನ್ನು ಕೇಳಿ ಅವ್ವ, “ದೀಡ ನಮಸ್ಕಾರ ಹಾಕ್ಕೊಂತ ಹೋದ್ರೇನು, ಕಡಲ ಸಲುವಾಗಿ?” ಎಂದು ಎದ್ದು ಕೂತಳು. ನಮ್ಮ ಹುಲಿಗಿಯಲ್ಲಿ ಹುಲಿಗೆಮ್ಮನಿಗೆ ಹರಕೆ ಹೊತ್ತವರು ತುಂಗಭದ್ರೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ದೀಡ ನಮಸ್ಕಾರ ಹಾಕುತ್ತಾರೆ. ತನ್ನ ಹರಕೆಗೆ ಅವಳೂ ಹಾಕಿದ್ದಾಳೆ. ಮೊಣಕಾಲು ಹೇಗೆ ಸುಲಿಯುತ್ತದೆ ಎಂದು ಬಲ್ಲವಳಿಗೆ ಎರಡು ತಿಂಗಳು ಎಂದರೇನೆಂದು ಅರ್ಥವಾಯಿತು. ಒಡ್ಡಿನ ಮೇಲೆ ಹೋಗುವಾಗ ಈ ಮಾತನ್ನು ಯಾರಾದರೂ ಹೇಳಿದ್ದರೆ ಅವಳು ನಿದ್ದೆ ಮಾಡುತ್ತಿರಲಿಲ್ಲ.

ಆ ಎರಡು ದಿನಗಳಲ್ಲಿ ಅವಳ ಮುಖ ಅರಳಿದ್ದು ಒಂದೇ ಸಲ. ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಮಾರುಕಟ್ಟೆಯಲ್ಲಿ ಅಡ್ಡಾಡುತ್ತಿದ್ದೆವು. ಕಾಳುಗಳನ್ನು ತೆರೆದ ಚೀಲಗಳಲ್ಲಿ ಇಟ್ಟ ಸಣ್ಣ ಅಂಗಡಿ. ಅವ್ವ ಕೇಳದೆಯೇ ಅಕ್ಕಿಯ ಚೀಲಕ್ಕೆ ಕೈ ಹಾಕಿದಳು. ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ ಊದಿ, ನುಚ್ಚು ಎಷ್ಟಿದೆ ನೋಡಿ, ಒಂದು ಕಾಳನ್ನು ಹಲ್ಲಿನಲ್ಲಿ ಕಟ್ಟೆಂದು ಕಡಿದಳು. ಗಂಗಾವತಿ ಮಾರುಕಟ್ಟೆಯಲ್ಲಿ ಮಾಡುವ ಹಾಗೆಯೇ. ನಾನು ಗಾಬರಿಯಿಂದ ಕ್ಷಮೆ ಕೇಳಲು ಹೋದೆ. ಅಂಗಡಿಯ ಹಿರಿಯರು ಅವಳ ಕೈಯನ್ನೇ ನೋಡುತ್ತಿದ್ದವರು ನನ್ನನ್ನು ತಡೆದು, “ರೈತರಾ?” ಎಂದು ಕೇಳಿದರು. ಹೌದು ಎಂದೆ. ಅವರು ಇನ್ನೊಂದು ಚೀಲದ ಬಾಯಿ ಬಿಚ್ಚಿ, “ಶಿನ್‌ದೊಂಗ್‌ಜಿನ್” ಎಂದು ತಳಿಯ ಹೆಸರು ಹೇಳಿ, ತಾವೇ ಅವಳ ಅಂಗೈಗೆ ಸುರಿದರು. ದಪ್ಪ ಕಾಳು, ಗಾಜಿನಂತೆ ಹೊಳಪು. “ಒಣಗಿಸಿದ್ದು ಚಲೋ ಐತಿ, ನಡುವ ಬಿರುಕಿಲ್ಲ” ಎಂದಳು ಅವ್ವ. ಅನುವಾದಿಸಿದೆ. ಅವರು ಗದ್ದೆ ಯಾವ ಕಡೆ, ಯಾವ ತಿಂಗಳು ನಾಟಿ, ಈ ಸಲ ಮಳೆ ಹೇಗೆ ಕಾಡಿತು ಎಂದು ಹೇಳತೊಡಗಿದರು. ನನ್ನ ಅರೆಬರೆ ಭಾಷೆಯಲ್ಲಿ ಇಬ್ಬರ ನಡುವೆ ಇಪ್ಪತ್ತು ನಿಮಿಷ ಮಾತು ಸಾಗಿಸಿ, ಕೊನೆಗೆ ಬಸ್ಸಿನ ಹೊತ್ತಾಯಿತೆಂದು ನಾನೇ ಅವಳನ್ನು ಎಳೆದುಕೊಂಡು ಬಂದೆ. ಅಷ್ಟು ಬೇಗ ಎಬ್ಬಿಸಬಾರದಿತ್ತು.

ನಿಮ್ಮ ಊರಿನ ಕಷ್ಟ ನನಗೆ ಗೊತ್ತಾಗದೆ ಇಲ್ಲ. 2017ರಲ್ಲಿ ಹಡಗು ಕಟ್ಟುವ ಕಾರ್ಖಾನೆಯ ಕೆಲಸ ನಿಂತಿತು, 2018ರಲ್ಲಿ ಕಾರಿನ ಕಾರ್ಖಾನೆ ಮುಚ್ಚಿತು, ಸಾವಿರಾರು ಮನೆಗಳ ಸಂಬಳ ಒಮ್ಮೆಗೇ ಹೋಯಿತು. ಹಡಗಿನ ಕಾರ್ಖಾನೆ ಐದು ವರ್ಷದ ಮೇಲೆ ಮತ್ತೆ ಒಂದಿಷ್ಟು ತೆರೆದಿದೆ. ಇಂಥ ಊರಿಗೆ ಪ್ರವಾಸಿಗರ ಹಣ ಬೇಕು. ಫೋಟೋ ತೆಗೆಸಿಕೊಳ್ಳಲು ಬರುವವರ ಹಣವೂ ಹಣವೇ. ಸಮವಸ್ತ್ರದ ಅಂಗಡಿ ಮುಚ್ಚಿ ಎಂದು ನಾನು ಹೇಳುತ್ತಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ತೇಲುವ ಕಟ್ಟೆಯ ಬಳಿ, ಕೊಯ್ಲು ಮುಗಿದ ಶನಿವಾರಗಳಲ್ಲಿ ಒಬ್ಬ ರೈತ ನಿಂತು ಮಾತಾಡಲಿ. ಪಠ್ಯದಂತೆ ಒಪ್ಪಿಸುವವರು ಬೇಡ, ಗದ್ದೆಯಿಂದ ಬಂದವರು. ಬಂದವರ ಕೈಗೆ ಒಂದು ಹಿಡಿ ಅಕ್ಕಿ ಹಾಕಿ, ಇದು ಈ ಇಳಿಜಾರಿನಲ್ಲಿ ಎಲ್ಲಿಗೆ ಹೋಗುತ್ತಿತ್ತು, ಮನೆಯಲ್ಲಿ ಏನು ಉಣ್ಣುತ್ತಿದ್ದರು ಎಂದು ಅವರು ಹೇಳಲಿ. ಸೊಸು, ಬಾಲ್ಸಾನ್, ಆ ವೈದ್ಯರ ಮನೆ, ಈ ಮೂರನ್ನೂ ಪೇಟೆಗೆ ಜೋಡಿಸುವ ಒಂದು ಬಸ್ಸು ಭಾನುವಾರ ಓಡಲಿ. ಕಾರಿಲ್ಲದವರೂ ನಿಮ್ಮ ಊರಿಗೆ ಬರುತ್ತೇವೆ. ಮೀನಿಲ್ಲದ ಒಂದು ಊಟವನ್ನು, ಅನ್ನವೇ ಮುಖ್ಯವಾದ ಒಂದು ಊಟವನ್ನು ಯಾರಾದರೂ ಮಾಡಿ ಬಡಿಸಿ. ನಿಮ್ಮ ಸೀಮೆಯ ಅಕ್ಕಿಗೆ ಅಷ್ಟು ರುಚಿ ಇದೆ, ಬರೀ ಚಟ್ನಿಪುಡಿಯಲ್ಲೇ ನಾವು ಅದನ್ನು ಕಂಡಿದ್ದೇವೆ.

ಅವ್ವ ಹೋದ ತಿಂಗಳು ಗಂಗಾವತಿಗೆ ಹಿಂದಿರುಗಿದಳು. ಆ ಹಿರಿಯರ ಅಂಗಡಿಯಲ್ಲಿ ಕೊಂಡ ಒಂದು ಕಿಲೋ ಅಕ್ಕಿಯನ್ನು ಬಟ್ಟೆಗಳ ನಡುವೆ ಇಟ್ಟುಕೊಂಡು ಹೋಗಿದ್ದಾಳೆ. ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದಾಳಂತೆ. ಫೋನಿನಲ್ಲಿ ಪ್ರತಿ ಸಲ ಕೇಳುತ್ತಾಳೆ, ಆ ಠಾಣೆಗೆ ನುಗ್ಗಿದವರ ಊರು ಯಾವುದು, ಅಲ್ಲಿ ಈಗ ಯಾರಿದ್ದಾರೆ, ಇನ್ನೂ ನೆಲ್ಲು ಹಾಕುತ್ತಾರಾ ಎಂದು. ಮುಂದಿನ ಅಕ್ಟೋಬರಿಗೆ ಮತ್ತೆ ಬರುವವಳಿದ್ದಾಳೆ, ಈ ಸಲ ಕೊಯ್ಲಿನ ಹೊತ್ತಿಗೇ. ಸೊಸು ಕಡೆ ಯಾರ ಗದ್ದೆಯಲ್ಲಾದರೂ ಅರ್ಧ ದಿನ ನಿಂತು ಕೊಯ್ಲು ನೋಡಲು ಬಿಡುವವರಿದ್ದರೆ ದಯವಿಟ್ಟು ತಿಳಿಸಿ. ಕುಡುಗೋಲು ಕೊಟ್ಟರೆ ಅವಳು ಸುಮ್ಮನೆ ನಿಲ್ಲುವವಳಲ್ಲ.

ಇಂತಿ,
ನಿಮ್ಮ ಊರಿಗೆ ಬಂದು ಹೋದ
ನೆಲ್ಲು ಬೆಳೆಯುವವರ ಮಗಳು
ಸುವೊನ್